ನೀರಲ್ಲಿ ತೇಲಿದ ಎಣ್ಣೆಯನ್ನು ನಂಬಿ ಎಡವಿದ್ದು

ನಮ್ಮ ಕಾರ್ಖಾನೆಯ ಹತ್ತು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಪಿಸಿಬಿ (ಹಿಂದೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಾಗಿ ಬಳಸುತ್ತಿದ್ದ, ಕ್ಲೋರಿನ್ ಇರುವ ವಿಷಕಾರಿ ರಾಸಾಯನಿಕ) ಇದೆಯೇ ನೋಡು ಎಂದು ನನಗೆ ಹೇಳಿದಾಗ, ಅರ್ಧ ದಿನದ ಕೆಲಸ ಅಂದುಕೊಂಡೆ. ನೇಮ್‌ಪ್ಲೇಟ್ ಮೇಲೆ ಅಸ್ಕರೆಲ್, ಕ್ಲೋಫೆನ್ ಅಂತ ಪಿಸಿಬಿ ಎಣ್ಣೆಯ ಹೆಸರಿದ್ದರೆ ಕಳ್ಳ ಸಿಕ್ಕಂತೆಯೇ. ಹತ್ತರಲ್ಲೂ ‘ಮಿನರಲ್ ಆಯಿಲ್’ ಎಂದೇ ಇತ್ತು. ಸಮಾಧಾನಕ್ಕೆ ಒಂದೊಂದು ಹನಿ ನೀರಿಗೆ ಬಿಟ್ಟೆ. ಶುದ್ಧ ಪಿಸಿಬಿ ನೀರಿಗಿಂತ ಭಾರ, ಮುಳುಗುತ್ತದೆ. ನಮ್ಮದೆಲ್ಲ ತೇಲಿತು.

ಆಗಲೇ ನಾನು ಎಡವಿದ್ದು. ಸ್ಟಾಕ್‌ಹೋಮ್ ಒಪ್ಪಂದ (ಇಂಥ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಕರಾರು) ಹೇಳುವ ಮಿತಿ ಹತ್ತು ಲಕ್ಷ ಭಾಗಕ್ಕೆ 50 ಭಾಗ. ಅಷ್ಟು ಬೆರೆತ ಎಣ್ಣೆಯೂ ತೇಲುತ್ತದೆ.

ಆಮೇಲೆ ಎಣ್ಣೆ ಪರೀಕ್ಷಿಸುವ ಕಿಟ್ ತರಿಸಿದೆ. ಕೆಳಗಿನ ಡ್ರೈನ್ ವಾಲ್ವ್‌ನಿಂದ ಮೊದಲ ಎರಡು ಲೀಟರ್ ಬೇರೆ ಡಬ್ಬಕ್ಕೆ ಬಿಟ್ಟು, ನಂತರದ್ದನ್ನು ಗಾಜಿನ ಬಾಟಲಿಗೆ ಹಿಡಿದೆ. ಕಿಟ್ ನೋಡುವುದು ಪಿಸಿಬಿಯನ್ನಲ್ಲ, ಕ್ಲೋರಿನ್ನನ್ನು. ಕೊನೆಗೆ ನೇರಳೆ ನಿಂತರೆ 50ಕ್ಕಿಂತ ಕಡಿಮೆ. ಹಳದಿಯಾದರೆ ಅಥವಾ ಬಣ್ಣವೇ ಹೋದರೆ ಅನುಮಾನ. ನಾಲ್ಕು ಹಳದಿಯಾದವು. ಲ್ಯಾಬಿಗೆ ಕಳಿಸಿದರೆ ಎರಡರಲ್ಲಿ ಏನೂ ಇಲ್ಲ! ಗ್ಲೌಸ್ ಇಲ್ಲದೆ ಮುಚ್ಚಳ ಹಿಡಿದಿದ್ದೆ, ಬೆವರಿನ ಉಪ್ಪೂ ಕ್ಲೋರೈಡೇ ತಾನೆ. ಉಳಿದೆರಡು ನಿಜ: 86 ಮತ್ತು 140.

ಎಲ್ಲಿಂದ ಬಂತು? ಹಳೆಯ ಲಾಗ್‌ಬುಕ್ ತೆಗೆದೆ. ಗುಜರಿಗೆ ಹೋದ ಹನ್ನೊಂದನೆಯ ಟ್ರಾನ್ಸ್‌ಫಾರ್ಮರ್‌ ಅಸ್ಕರೆಲ್‌ನದು. ಅದಕ್ಕೆ ಹಚ್ಚಿದ, ಎಣ್ಣೆ ಸೋಸುವ ಫಿಲ್ಟರ್ ಮಷಿನ್ನನ್ನೇ ಮರುವಾರ ಈ ಎರಡಕ್ಕೂ ಹಚ್ಚಿದ್ದರು. ಹೋಸ್‌ನಲ್ಲಿ, ಮಷಿನ್ನಿನ ಹೊಟ್ಟೆಯಲ್ಲಿ ಉಳಿದದ್ದು ಸಾಕು. ಈಗ ಮಷಿನ್ನಿಗೂ ಕೆಂಪು ಪಟ್ಟಿ ಕಟ್ಟಿದ್ದೇವೆ, ವಿಲೇವಾರಿ ಪಟ್ಟಿಯಲ್ಲಿ ಅದೂ ಇದೆ. ಒಪ್ಪಂದದ ಪ್ರಕಾರ ಇಂಥ ಎಣ್ಣೆಯ ಬಳಕೆ ನಿಲ್ಲಿಸಲು ಗಡುವು 2025, ವಿಲೇವಾರಿಗೆ 2028.

‘ಬಾಯ್ಲರಿಗೆ ಸುರಿದುಬಿಡಿ, ಉರಿದುಹೋಗ್ತದೆ’ ಎಂದ ಗುತ್ತಿಗೆದಾರನಿಗೆ ಬೈದೇ ಹೇಳಬೇಕಾಯಿತು. ಪಿಸಿಬಿ ಪೂರ್ತಿ ಸುಡಲು ಸಾವಿರ ಡಿಗ್ರಿಗೂ ಮೀರಿದ ಉರಿ ಬೇಕು. ಅರೆಬರೆ ಸುಟ್ಟರೆ ಫ್ಯೂರಾನ್, ಡೈಆಕ್ಸಿನ್ ಹುಟ್ಟುತ್ತವೆ, ಮೊದಲಿಗಿಂತ ಕೆಟ್ಟವು.

ಡ್ರಮ್ಮುಗಳಿಗೆ ಲೇಬಲ್ ಅಂಟಿಸುವಾಗ ನಮ್ಮ ಹಿರಿಯ ಹೆಲ್ಪರ್ ಮನೆಯಿಂದ ಕಾಲು ಲೀಟರಿನ ಒಂದು ಬಾಟಲಿ ತಂದರು. ‘ಮಂಡಿ ನೋವಿಗೆ ಹಚ್ಕೊಳ್ತಿದ್ದೆ ಸಾರ್, ಇದನ್ನೂ ಒಂಚೂರು ನೋಡಿ.’ ಯಾವ ಟ್ರಾನ್ಸ್‌ಫಾರ್ಮರ್‌ದೆಂದು ಅವರಿಗೆ ನೆನಪಿಲ್ಲ. ಉಳಿದಿದ್ದ ಕಿಟ್ ಬಿಚ್ಚಿದೆ, ಈ ಸಲ ಗ್ಲೌಸ್ ಹಾಕಿಕೊಂಡೇ. ಬಣ್ಣ ಬರುವವರೆಗೂ ಅವರು ಪಕ್ಕದಲ್ಲೇ ನಿಂತಿದ್ದರು. ನೇರಳೆ.