‘ಯೀಲ್ಡ್ 60%’ ಅಂದರೆ ಒಳ್ಳೆಯದಾ? ಷೇರು ಕೊಳ್ಳುವ ಮುನ್ನ ನೀವೇ ಲೆಕ್ಕ ಹಾಕಿ

ಚಿಪ್ ಕಂಪನಿಗಳ ಸುದ್ದಿಯಲ್ಲಿ ‘ಯೀಲ್ಡ್ ಇಷ್ಟು ಶೇಕಡಾ’ ಎಂಬ ಸಾಲು ಆಗಾಗ ಬರುತ್ತದೆ. ಅದೊಂದನ್ನೇ ನೋಡಿ ಷೇರು ಕೊಳ್ಳಬೇಡಿ, ಮಾರಲೂ ಬೇಡಿ. ಚಿಪ್ ಎಷ್ಟು ದೊಡ್ಡದು ಅಂತ ಗೊತ್ತಿಲ್ಲದೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಯೀಲ್ಡ್ ಅಂದರೆ ಇಳುವರಿ. ಒಂದು ವೇಫರ್‌ನಿಂದ, ಅಂದರೆ ಚಿಪ್‌ಗಳನ್ನು ಮೂಡಿಸುವ ದುಂಡನೆಯ ಸಿಲಿಕಾನ್ ತಟ್ಟೆಯಿಂದ, ಬಂದ ಚಿಪ್‌ಗಳಲ್ಲಿ ಕೆಲಸ ಮಾಡುವವು ಎಷ್ಟು ಪಾಲು ಅನ್ನುವ ಲೆಕ್ಕ.

ಮೊದಲು ವೇಫರ್‌ನಲ್ಲಿ ಎಷ್ಟು ಚಿಪ್ ಹಿಡಿಯುತ್ತವೆ ನೋಡಿ. 300 ಮಿ.ಮೀ. ವ್ಯಾಸದ ವೇಫರ್‌ನ ವಿಸ್ತೀರ್ಣ ಸುಮಾರು 70,686 ಚದರ ಮಿ.ಮೀ. ಚಿಪ್ 100 ಚದರ ಮಿ.ಮೀ. ಇದ್ದರೆ ಭಾಗಿಸಿದಾಗ 706 ಬರುತ್ತದೆ, ಆದರೆ ವೇಫರ್ ದುಂಡಗಿದೆ, ಚಿಪ್ ಚೌಕ, ಹಾಗಾಗಿ ಅಂಚಿನವು ತುಂಡಾಗಿ ಸುಮಾರು 640 ಉಳಿಯುತ್ತವೆ. 600 ಚದರ ಮಿ.ಮೀ. ಚಿಪ್ ಆದರೆ ಬರೀ 90.

ಆಮೇಲೆ ದೋಷಗಳ ಲೆಕ್ಕ. ನೆಲದ ಮೇಲೆ ಹತ್ತು ಹನಿ ಪೇಂಟ್ ಬಿತ್ತು ಅಂದುಕೊಳ್ಳಿ. ಚಿಕ್ಕ ಟೈಲ್ಸ್ ಇದ್ದರೆ ನೂರಾರರಲ್ಲಿ ಹತ್ತು ಹಾಳು. ದೊಡ್ಡ ಟೈಲ್ಸ್ ಆದರೆ ನೆಲದ ಅರ್ಧವೇ ಹೋಯಿತು, ಅಲ್ವಾ? ಚಿಪ್‌ನಲ್ಲೂ ಹೀಗೇ. ಚದರ ಸೆಂ.ಮೀ.ಗೆ 0.1 ದೋಷ ಅಂತ ಇಟ್ಟುಕೊಳ್ಳಿ. ಅದನ್ನು ಚದರ ಸೆಂ.ಮೀ.ನಲ್ಲಿರುವ ಚಿಪ್‌ನ ವಿಸ್ತೀರ್ಣದಿಂದ (ಚಿಕ್ಕದಕ್ಕೆ 1, ದೊಡ್ಡದಕ್ಕೆ 6) ಗುಣಿಸಿ, ಮುಂದೆ ಮೈನಸ್ ಹಾಕಿ, ಸೈಂಟಿಫಿಕ್ ಕ್ಯಾಲ್ಕುಲೇಟರ್‌ನ ‘ಇ ಘಾತ’ ಬಟನ್ ಒತ್ತಿ. ಚಿಕ್ಕ ಚಿಪ್‌ಗೆ 90%, ದೊಡ್ಡದಕ್ಕೆ 55%. ಕಾರ್ಖಾನೆ ಒಂದೇ, ಗುಣಮಟ್ಟವೂ ಒಂದೇ!

ಈಗ ದುಡ್ಡು. ಉದಾಹರಣೆಗೆ ವೇಫರ್ ಬೆಲೆ 15,000 ಡಾಲರ್ ಅನ್ನಿ. ಒಳ್ಳೆಯ ಚಿಕ್ಕ ಚಿಪ್ ಒಂದಕ್ಕೆ ಸುಮಾರು 26 ಡಾಲರ್ ಬೀಳುತ್ತದೆ, ದೊಡ್ಡದಕ್ಕೆ ಸುಮಾರು 300. ಆರು ಪಟ್ಟು ದೊಡ್ಡದು, ಖರ್ಚು ಮಾತ್ರ ಹನ್ನೊಂದು ಪಟ್ಟಿಗೂ ಜಾಸ್ತಿ. ದೋಷ 0.2ಕ್ಕೆ ಏರಿದರೆ ಚಿಕ್ಕದಕ್ಕೆ ಎರಡು ಮೂರು ಡಾಲರ್ ಹೆಚ್ಚಾಗುತ್ತದೆ ಅಷ್ಟೇ, ದೊಡ್ಡದು 550 ದಾಟುತ್ತದೆ.

ಈ ಸೂತ್ರ ದೊಡ್ಡ ಚಿಪ್‌ಗಳ ನಷ್ಟವನ್ನು ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಯಾಕೆಂದರೆ ದೋಷ ಇದ್ದರೂ ಇಡೀ ಚಿಪ್ ಬಿಸಾಡಬೇಕಿಲ್ಲ. ಕೆಟ್ಟ ಭಾಗವನ್ನು ಆಫ್ ಮಾಡಿ ಉಳಿದದ್ದನ್ನು ಮಾರಬಹುದು. ಎನ್‌ವಿಡಿಯಾದ ಎಚ್100 ಚಿಪ್‌ನಲ್ಲಿ 144 ಘಟಕಗಳಿವೆ, ಆದರೆ ಸರ್ವರ್‌ಗೆ ಹೋಗುವ ಮುಖ್ಯ ಮಾದರಿಯಲ್ಲಿ ಆನ್ ಇರುವುದು 132. ಎಎಂಡಿ ಬೇರೆ ದಾರಿ ಹಿಡಿದು, ದೊಡ್ಡ ಪ್ರೊಸೆಸರನ್ನು ಚಿಕ್ಕ ಚಿಕ್ಕ ಚಿಪ್ಲೆಟ್‌ಗಳಾಗಿ ಒಡೆಯಿತು. ನನಗೆ ತುಂಬಾ ಹಿಡಿಸಿದ ಜಾಣತನ ಇದು.

ಹೂಡಿಕೆದಾರರು ಕೇಳಲೇಬೇಕಾದ ಪ್ರಶ್ನೆ: ಹಾಳಾದ ಚಿಪ್‌ನ ನಷ್ಟ ಯಾರ ತಲೆಗೆ? ಚಿಪ್ ವಿನ್ಯಾಸ ಮಾಡಿದ ಕಂಪನಿ ಕಾರ್ಖಾನೆಯಿಂದ ವೇಫರ್ ಲೆಕ್ಕದಲ್ಲಿ ಕೊಂಡರೆ, ನಷ್ಟ ಆ ಕಂಪನಿಗೇ. 2024ರಲ್ಲಿ ಎನ್‌ವಿಡಿಯಾದ ಬ್ಲ್ಯಾಕ್‌ವೆಲ್ ಚಿಪ್‌ನ ಯೀಲ್ಡ್ ಕಡಿಮೆ ಬಂತು. ವೇಫರ್ ಮೇಲೆ ವಿನ್ಯಾಸ ಮೂಡಿಸುವ ಅಚ್ಚು, ಅಂದರೆ ಮಾಸ್ಕ್, ಬದಲಿಸಬೇಕಾಯಿತು. ತಪ್ಪು ನಮ್ಮದೇ ಎಂದು ಎನ್‌ವಿಡಿಯಾದ ಸಿಇಒ ಜೆನ್ಸನ್ ಹುವಾಂಗ್ ಒಪ್ಪಿಕೊಂಡರು. ಆ ಜುಲೈಗೆ ಮುಗಿದ ತ್ರೈಮಾಸಿಕದಲ್ಲಿ ಗ್ರಾಸ್ ಮಾರ್ಜಿನ್ (ಮಾರಾಟದ ಹಣದಲ್ಲಿ ಸರಕಿನ ಖರ್ಚು ಕಳೆದು ಉಳಿಯುವ ಪಾಲು) ಹಿಂದಿನ ತ್ರೈಮಾಸಿಕದ 78.9%ರಿಂದ 75.7%ಕ್ಕೆ ಇಳಿಯಿತು, ಕಾರಣಗಳಲ್ಲಿ ಕಡಿಮೆ ಯೀಲ್ಡ್‌ನ ಬ್ಲ್ಯಾಕ್‌ವೆಲ್ ದಾಸ್ತಾನಿನ ನಷ್ಟಕ್ಕೆ ತೆಗೆದಿಟ್ಟ ಹಣವೂ ಒಂದು.

ಹಾಗಾಗಿ ತ್ರೈಮಾಸಿಕ ವರದಿ ತೆರೆದಾಗ ಮೊದಲು ಗ್ರಾಸ್ ಮಾರ್ಜಿನ್ ನೋಡಿ, ಆಮೇಲೆ ದಾಸ್ತಾನಿನ ನಷ್ಟಕ್ಕೆ ಎಷ್ಟು ತೆಗೆದಿಟ್ಟಿದ್ದಾರೆ ಎಂಬ ಸಾಲು ಹುಡುಕಿ.