ಬ್ಲೇಡ್ ತುದಿಯ ಪರೀಕ್ಷೆ: ನನ್ನ ಅನುಭವ

ವಿಂಡ್ ಟರ್ಬೈನ್ ಬ್ಲೇಡಿನ ಹೊರಗಿನ ಮೂರನೇ ಒಂದು ಭಾಗ, ತಿರುಗುವಾಗ ವೃತ್ತದ ಅರ್ಧಕ್ಕಿಂತ ಜಾಸ್ತಿ ಜಾಗವನ್ನು ಆವರಿಸುತ್ತದೆ. ಆದರೆ ತುದಿಯಲ್ಲಿ ಒತ್ತಡ ಜಾಸ್ತಿ ಇರುವ ಬದಿಯ ಗಾಳಿ, ಅಂಚನ್ನು ಸುತ್ತಿಕೊಂಡು ಇನ್ನೊಂದು ಬದಿಗೆ ನುಗ್ಗುತ್ತದೆ. ಅಲ್ಲಿ ಲಿಫ್ಟ್ (ಬ್ಲೇಡನ್ನು ತಿರುಗಿಸುವ ಗಾಳಿಯ ಎತ್ತುವ ಬಲ) ಕುಸಿಯುತ್ತದೆ, ಹಿಂದೆ ಸುಳಿ ಏಳುತ್ತದೆ. ಈ ಸುಳಿಯನ್ನು ತಗ್ಗಿಸುವ ತುದಿಯ ಆಕಾರ ಹುಡುಕುವುದು ನನ್ನ ಕೆಲಸವಾಗಿತ್ತು.

ನನ್ನದೇ ಆಕಾರಗಳನ್ನು ಮುಟ್ಟುವ ಮೊದಲು, ಪರೀಕ್ಷೆಯ ಅಳತೆಗಳು ಗೊತ್ತಿರುವ ರೋಟರ್ (ತಿರುಗುವ ಬ್ಲೇಡುಗಳ ಚಕ್ರ) ಒಂದನ್ನು ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಓಡಿಸಿದೆ. 2000ರಲ್ಲಿ ಅಮೆರಿಕದ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಎನ್‌ಆರ್‌ಇಎಲ್, ಸುಮಾರು 10 ಮೀಟರ್ ವ್ಯಾಸದ ಎರಡು ಬ್ಲೇಡಿನ ಟರ್ಬೈನನ್ನು ನಾಸಾ ಏಮ್ಸ್‌ನ ದೈತ್ಯ ವಿಂಡ್ ಟನಲ್‌ನಲ್ಲಿ ಪರೀಕ್ಷಿಸಿತ್ತು. ಅಳತೆ ತೋರಿಸದೆ ಪರಿಣತರಿಂದ ಲೆಕ್ಕ ಕೇಳಿದಾಗ, ಸ್ಟಾಲ್ (ಹರಿವು ಬ್ಲೇಡಿನ ಮೈಬಿಟ್ಟು ಲಿಫ್ಟ್ ಕುಸಿಯುವುದು) ಇಲ್ಲದ ಸುಲಭದ ಗಾಳಿಯಲ್ಲೂ ಅವರ ಪವರ್ ಅಂದಾಜು ನಿಜದ ಅಳತೆಯ 25%ರಿಂದ 175%ರವರೆಗೆ ಹರಡಿತ್ತು! ಹಾಗಾಗಿ ಒಟ್ಟು ಟಾರ್ಕ್ (ತಿರುಗಿಸುವ ಬಲ) ಅಳತೆಗೆ ಹೊಂದಿತು ಎಂದು ಸುಮ್ನೆ ಮುಂದೆ ಹೋಗುವವರನ್ನು ನಾನು ನಂಬುವುದಿಲ್ಲ. ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ ಬಂದರೂ ಮೊತ್ತ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆ ಬ್ಲೇಡಿನಲ್ಲಿ ಐದು ಕಡೆ ಒತ್ತಡ ಅಳೆದಿದ್ದರು, ಕೊನೆಯದು ಉದ್ದದ 95%ರಲ್ಲಿ. ನಾನು ಆ ಕೊನೆಯ ಅಳತೆಯನ್ನೇ ಗುರಿ ಮಾಡಿಕೊಂಡೆ.

ಪ್ರಕ್ಷುಬ್ಧ ಹರಿವನ್ನು ಲೆಕ್ಕ ಹಾಕಲು ಬಳಸಿದ ಮಾದರಿ ಕೆ-ಒಮೇಗಾ ಎಸ್‌ಎಸ್‌ಟಿ. ಬ್ಲೇಡಿನ ಮೈಗೆ ತಾಗಿದ ಮೊದಲ ಪದರದ ವೈ ಪ್ಲಸ್ (ಆ ಪದರ ಮೈಗೆ ಎಷ್ಟು ಹತ್ತಿರ ಎಂದು ಹೇಳುವ ಸಂಖ್ಯೆ) 1ರ ಹತ್ತಿರ. ನಿಜವಾದ ಬೆವರು ಹರಿದದ್ದು ಮೆಶ್‌ನಲ್ಲಿ, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಕೋಶಗಳಾಗಿ ಒಡೆದ ಜಾಲದಲ್ಲಿ. ಒರಟು ಮೆಶ್‌ನಲ್ಲೂ ಟಾರ್ಕ್ ಬೇಗ ಸ್ಥಿರವಾಗುತ್ತದೆ, ಆದರೆ ಸುಳಿ ನೀರಿಗೆ ಬಿದ್ದ ಶಾಯಿಯಂತೆ ಕದಡಿ ಮಾಯವಾಗುತ್ತದೆ. ಅದು ಗಾಳಿಯ ಗುಣವಲ್ಲ, ಲೆಕ್ಕದ ದೋಷ. ಮೊದಲ ಓಟದಲ್ಲಿ ಸುಳಿಯ ದಾರಿ ಗುರುತಿಸಿ, ಆ ದಾರಿಯ ಉದ್ದಕ್ಕೂ ಮೆಶ್‌ನ ಕೋಶಗಳನ್ನು ಚಿಕ್ಕದು ಮಾಡಿದೆ. ಸುಳಿಯ ನಡುಭಾಗಕ್ಕೆ ಅಡ್ಡಲಾಗಿ ಹತ್ತಾರು ಕೋಶಗಳು ಸಿಕ್ಕಮೇಲೆ ಸುಳಿಯ ಚಿತ್ರ ಕದಡದೆ ಉಳಿಯಿತು.

ಆಮೇಲೆ ಟನಲ್. ತುದಿಯನ್ನು ಮಾತ್ರ ಬಿಚ್ಚಿ ಬದಲಿಸುವ ಹಾಗೆ ಚಿಕ್ಕ ರೋಟರ್ ಮಾಡಿಸಿದೆ. ತುದಿಯ ವೇಗಕ್ಕೂ ಗಾಳಿಯ ವೇಗಕ್ಕೂ ಇರುವ ಅನುಪಾತವನ್ನು ದೊಡ್ಡ ಟರ್ಬೈನಿಗೆ ಹೊಂದಿಸಬಹುದು, ರೆನಾಲ್ಡ್ಸ್ ಸಂಖ್ಯೆಯನ್ನಲ್ಲ (ಗಾತ್ರ, ವೇಗಕ್ಕೆ ತಕ್ಕಂತೆ ಹರಿವಿನ ಸ್ವಭಾವ ಹೇಳುವ ಸಂಖ್ಯೆ ಅದು). ಅದಕ್ಕೇ ಮುಂಭಾಗದ ಅಂಚಿನ ಬಳಿ ಜಿಗ್‌ಜಾಗ್ ಟೇಪ್ ಅಂಟಿಸಿ, ಹರಿವು ಮೊದಲೇ ಪ್ರಕ್ಷುಬ್ಧವಾಗುವಂತೆ ನೋಡಿಕೊಂಡೆ. ಸಿಮ್ಯುಲೇಶನ್ನನ್ನೂ ಅದೇ ಚಿಕ್ಕ ಅಳತೆಯಲ್ಲಿ, ಟನಲ್ ಗೋಡೆಗಳ ಸಮೇತ ಓಡಿಸಿದೆ. ಇಲ್ಲದಿದ್ದರೆ ಎರಡನ್ನೂ ಹೋಲಿಸುವುದಕ್ಕೆ ಅರ್ಥವಿಲ್ಲ.

ವಿಂಗ್‌ಲೆಟ್ (ಬಾಗಿಸಿದ ಚಿಕ್ಕ ರೆಕ್ಕೆಯಂಥ ತುದಿ) ಹಾಕಿದಾಗ ಪವರ್ ಏರಿತು. ಜೊತೆಗೆ ಥ್ರಸ್ಟ್ (ಗಾಳಿ ರೋಟರನ್ನು ಹಿಂದಕ್ಕೆ ತಳ್ಳುವ ಬಲ) ಕೂಡ ಏರಿತು, ಬ್ಲೇಡಿನ ಬುಡ ಹೊರುವ ಬಾಗುವ ಹೊರೆಯೂ. ಬ್ಲೇಡನ್ನು ಬರೀ ಉದ್ದ ಮಾಡಿಯೂ ಪವರ್ ಏರಿಸಬಹುದಲ್ಲ? ಅದಕ್ಕೇ ಈಗ ಯಾವ ಹೊಸ ತುದಿ ಬಂದರೂ ಅದೇ ಹೊರೆ ತರುವ, ನೇರವಾಗಿ ಕೊಂಚ ಉದ್ದ ಮಾಡಿದ ಬ್ಲೇಡನ್ನೂ ಪಕ್ಕದಲ್ಲಿಟ್ಟು ಓಡಿಸುತ್ತೇನೆ. ಅದನ್ನು ಮೀರಿಸಿದ ತುದಿಯನ್ನಷ್ಟೇ ಟನಲ್‌ಗೆ ಒಯ್ಯುತ್ತೇನೆ.