ಬೈಪಾಸ್‌ಗೆ ಮುಂಚಿನ ಮೂರು ವಾರ: ನನ್ನ ಅನುಭವ

ಹಾರ್ಟ್ ಆಪರೇಷನ್ನಿನ ರಿಸ್ಕ್ ಎಷ್ಟು ಅಂತ ಹೇಳೋ ಯೂರೋಸ್ಕೋರ್ 2 ನಾವು ಸರ್ಜನ್‌ಗಳು ಎಲ್ರೂ ಹಾಕ್ತೀವಿ, ನಾನೂ ಹಾಕ್ತೀನಿ. ಆದ್ರೆ ಅದು ಸಾವಿನ ಲೆಕ್ಕ, ಎದೆ ಗಾಯ ಕೀವಾಗೋದರ ಲೆಕ್ಕ ಅಲ್ಲ. ಶುಗರ್‌ಗೆ ಅದ್ರಲ್ಲಿ ಪಾಯಿಂಟ್ ಸಿಗೋದು ಇನ್ಸುಲಿನ್ ಮೇಲಿದ್ರೆ ಮಾತ್ರ. ಹತ್ತು ವರ್ಷ ಬರೀ ಮಾತ್ರೆ ನುಂಗ್ಕೊಂಡು ಎಚ್‌ಬಿಎ ಒನ್‌ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) ಹತ್ತೂವರೆ ಇರೋ ರೈತನಿಗೆ ಸೊನ್ನೆ. ಹಿಮೋಗ್ಲೋಬಿನ್‌ಗೆ ಕಾಲಮ್ಮೇ ಇಲ್ಲ, ಗುಟ್ಕಾ ಬಗ್ಗೆ ಕೇಳೋದೇ ಇಲ್ಲ. ಸ್ಕೋರ್ ಒಂದೂವರೆ ಪರ್ಸೆಂಟ್ ಅಂತ ಬರತ್ತೆ, ಎರಡನೇ ವಾರಕ್ಕೆ ಎದೆಯಲ್ಲಿ ಕೀವು.

ಅದಕ್ಕೇ ಅರ್ಜೆಂಟ್ ಇಲ್ಲದ ಕೇಸ್‌ನೆಲ್ಲ ಮೂರು ವಾರ ತಡೆದು, ಶುಗರ್, ರಕ್ತ, ಉಸಿರಾಟ ಎಲ್ಲ ರೆಡಿ ಮಾಡಿ ಆಪರೇಟ್ ಮಾಡೋಣ ಅಂದೆ. ಲೆಫ್ಟ್ ಮೇನ್ (ಹೃದಯದ ಎಡ ಮುಖ್ಯ ರಕ್ತನಾಳದ ಬ್ಲಾಕ್), ಅನ್‌ಸ್ಟೇಬಲ್ ಆಂಜೈನಾ (ಸುಮ್ಮನೆ ಕೂತಾಗ್ಲೂ ಬರೋ ಎದೆನೋವು) ಇವಕ್ಕಲ್ಲ, ಅವು ಕಾಯೋ ಕೇಸ್ ಅಲ್ಲ. ಆಸ್ಪತ್ರೆಯಲ್ಲಿ ಯಾರೂ ಒಪ್ಪಲಿಲ್ಲ. ಬೆಡ್ ಖಾಲಿ ಬೀಳತ್ತೆ, ಪೇಷೆಂಟ್ ಬೇರೆ ಕಡೆ ಹೋಗ್ತಾರೆ ಅಂದ್ರು. ಮೊದಲ ಕೆಲವು ತಿಂಗಳು ಹೋದ್ರು ಕೂಡ, ನನ್ನ ಕೈಗೆ ಬರೋ ದುಡ್ಡೂ ಕಮ್ಮಿ ಆಯ್ತು.

ಕೊನೆಗೆ ಒಪ್ಪಿಸಿದ್ದು ದುಡ್ಡಿನ ಲೆಕ್ಕವೇ. ಒಂದು ಡೀಪ್ ಇನ್‌ಫೆಕ್ಷನ್ (ಎದೆ ಗಾಯದ ಆಳಕ್ಕೆ ಇಳಿದ ಕೀವು) ಅಂದ್ರೆ ಗಾಯ ಬಿಚ್ಚೋದು, ವ್ಯಾಕ್ (ಗಾಯದ ಕೀವು ಹೀರೋ ಪಂಪ್), ಪೆಕ್ಟೊರಾಲಿಸ್ ಫ್ಲಾಪ್ (ಎದೆ ಮಾಂಸಖಂಡ ಎಳೆದು ಗಾಯ ಮುಚ್ಚೋದು), ವಾರಗಟ್ಟಲೆ ವ್ಯಾಂಕೊಮೈಸಿನ್ ಅನ್ನೋ ಆಂಟಿಬಯಾಟಿಕ್, ನನ್ನ ಅಂದಾಜಲ್ಲಿ ಎರಡೂವರೆ ಮೂರು ಲಕ್ಷ. ಸರ್ಕಾರಿ ಸ್ಕೀಮ್ ಪೇಷೆಂಟ್ ಆದ್ರೆ ಬರೋದು ಪ್ಯಾಕೇಜ್ ಹಣ ಅಷ್ಟೇ, ಉಳಿದದ್ದು ಆಸ್ಪತ್ರೆ ಮೇಲೆ.

ಹಿಮೋಗ್ಲೋಬಿನ್ ಕಮ್ಮಿ ಇರೋರಿಗೆ ಕೊಟ್ಟ ಐರನ್ ಮಾತ್ರೆ ಪೂರ್ತಿ ಫೇಲ್ ಆಯ್ತು. ಮಲಬದ್ಧತೆ ಅಂತ ಬಿಟ್ಬಿಡ್ತಾರೆ, ನುಂಗಿದವರಲ್ಲೂ ಅಷ್ಟು ಬೇಗ ಏರಲ್ಲ. ಈಗ ಫೆರಿಟಿನ್ (ಮೈಯಲ್ಲಿ ಐರನ್ ಎಷ್ಟಿದೆ ಅನ್ನೋ ರಕ್ತ ಟೆಸ್ಟ್) ನೋಡಿ ನೇರ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನೋ ಐರನ್ ಡ್ರಿಪ್, ಮೂರ್ನಾಲ್ಕು ಸಾವಿರದ ಖರ್ಚು, ಎಷ್ಟೋ ಜನಕ್ಕೆ ರಕ್ತದ ಬಾಟಲಿ ಉಳಿದಿದೆ. ಉಸಿರಾಟದ ವ್ಯಾಯಾಮಕ್ಕೆ ಮೂರು ಬಾಲ್ ಸ್ಪೈರೋಮೀಟರ್ ಮನೆಗೆ ಕೊಟ್ರೆ ಶೆಲ್ಫಲ್ಲಿ ಕೂರತ್ತೆ, ಅದಕ್ಕೆ ದಿನಾ ಸಂಜೆ ಅದ್ರಲ್ಲಿ ಉಸಿರೆಳೆಯೋ ವಿಡಿಯೋ ವಾಟ್ಸಾಪ್ ಮಾಡಿ ಅಂದ್ವಿ, ಸೊಸೆಯಂದ್ರು ತುಂಬ ನಿಯತ್ತಾಗಿ ಕಳಿಸ್ತಾರೆ. ಎಚ್‌ಬಿಎ ಒನ್‌ಸಿ ಮೂರು ವಾರಕ್ಕೆ ಪೂರ್ತಿ ಇಳಿಯಲ್ಲ, ಅದನ್ನ ಕಾಯ್ತಾ ಕೂತ್ರೆ ಕೆಲಸ ಕೆಡತ್ತೆ, ನಾನು ಫಾಸ್ಟಿಂಗ್ ಶುಗರ್ ನೋಡ್ತೀನಿ, ಆಪರೇಷನ್ ಆದ್ಮೇಲೆ ಐಸಿಯುನಲ್ಲಿ ಶುಗರ್ 180ರ ಒಳಗೆ ಹಿಡೀತೀವಿ. ಇನ್ಸುಲಿನ್ ಶುರು ಮಾಡೋ ಡೋಸ್ ನಮ್ಮದೇ ಒಂದು ಚಾರ್ಟ್ ಇದೆ, ಅದನ್ನ ಇಲ್ಲಿ ಬರೆಯಲ್ಲ, ವಾರ್ಡಿಗೆ ಬಂದ್ರೆ ತೋರಿಸ್ತೀನಿ. ಮಾತ್ರೆ ಸ್ಟ್ರಿಪ್ ಕೈಯಲ್ಲಿ ಹಿಡಿದು ನೋಡಿ, ಇಎಫ್ (ಹೃದಯದ ಪಂಪ್ ಮಾಡೋ ಶಕ್ತಿ) ಕಮ್ಮಿ ಇರೋರು ಸುಮಾರು ಜನ ಡಾಪಾಗ್ಲಿಫ್ಲೋಜಿನ್ ಅನ್ನೋ ಮಾತ್ರೆ ಮೇಲಿರ್ತಾರೆ, ಅದನ್ನ ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸಲೇಬೇಕು, ಇಲ್ಲಾಂದ್ರೆ ಶುಗರ್ ನಾರ್ಮಲ್ ಇದ್ದೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಸಿಡ್ ಏರೋ ಅಪಾಯ) ಬರಬಹುದು.

ಮಧ್ಯೆ ಇನ್ನೊಂದು ಮಾಡಿದ್ವಿ. ದಪ್ಪ ಇರೋ ಹೆಂಗಸರಲ್ಲಿ ಎದೆ ಭಾರಕ್ಕೆ ಗಾಯದ ಕೆಳತುದಿ ಎಳೆದು ಬಿಚ್ಚಿಕೊಳ್ತಿತ್ತು. ಆಸ್ಪತ್ರೆ ಎದುರಿನ ಟೈಲರ್ ಹತ್ರ ಮುಂದೆ ಹುಕ್ ಇರೋ ಕಾಟನ್ ಬ್ರಾ ಹೊಲಿಸಿದ್ವಿ, ಇನ್ನೂರು ರೂಪಾಯಿ ಆಸುಪಾಸು. ಟ್ಯೂಬ್ ತೆಗೆದ ದಿನದಿಂದ್ಲೇ ಹಾಕಿಸ್ತೀವಿ. ನಂಗೆ ಇದು ದೊಡ್ಡ ಆಂಟಿಬಯಾಟಿಕ್‌ಗಿಂತ ಜಾಸ್ತಿ ಕೆಲಸ ಮಾಡಿದ ಹಾಗೆ ಕಾಣತ್ತೆ.

ಮುಂಚೆ ವರ್ಷಕ್ಕೆ ಏಳೆಂಟು ಡೀಪ್ ಇನ್‌ಫೆಕ್ಷನ್ ನೋಡ್ತಿದ್ವಿ, ಈಗ ಒಂದೋ ಎರಡೋ, ಕೇಸ್ ಕಮ್ಮಿ ಆಗಿಲ್ಲ. ಬೇಡ ಅಂದಿದ್ದ ಸರ್ಜನ್ನೇ ಈಗ ಅವರ ಪೇಷೆಂಟ್‌ಗಳನ್ನ ಈ ಮೂರು ವಾರದ ತಯಾರಿಗೆ ನಮ್ಮ ಸಿಸ್ಟರ್ (ನರ್ಸ್) ಹತ್ರ ಕಳಿಸ್ತಾರೆ. ಶುಗರ್ ಇರೋರಲ್ಲಿ ಎರಡೂ ಮ್ಯಾಮರಿ (ಬೈಪಾಸ್‌ಗೆ ಬಳಸೋ ಎದೆಗೂಡಿನ ಒಳಗಿನ ರಕ್ತನಾಳ) ಮುಟ್ಟೋಕೆ ಹೆದರ್ತಿದ್ದೆ, ಈಗ ಸ್ಕೆಲಿಟನೈಸ್ ಮಾಡಿ (ಸುತ್ತಲಿನ ಮಾಂಸ ಬಿಟ್ಟು ನಾಳ ಮಾತ್ರ ಬಿಡಿಸಿ) ತೆಗೀತೀನಿ, ಆದ್ರೆ ಮೂರು ವಾರ ಸರಿಯಾಗಿ ಮುಗಿಸಿ ಬಂದೋರಿಗೆ ಮಾತ್ರ.